ನಷ್ಟ ಯಾರ ತಲೆಗೆ? ಬಟ್ಟೆಯ ಬೆಲೆಯ ಜಾಡು ಹಿಡಿದು

ಬೆಳಗಿನ ಹೊತ್ತು ಪಾಂಡವಪುರದ ಕಡೆಯಿಂದ ಶ್ರೀರಂಗಪಟ್ಟಣ, ಮೈಸೂರಿನತ್ತ ಓಡುವ ವ್ಯಾನುಗಳನ್ನು ನೋಡಿದವರಿಗೆ ಆ ಚಿತ್ರ ಮರೆಯುವುದಿಲ್ಲ. ಹತ್ತು ಹನ್ನೆರಡು ಜನ ಕೂರಬೇಕಾದ ಗಾಡಿಯಲ್ಲಿ ಇಪ್ಪತ್ತು ಹೆಂಗಸರು, ಮಡಿಲಲ್ಲಿ ಬುತ್ತಿಯ ಡಬ್ಬಿ, ಕೊರಳಲ್ಲಿ ಗುರುತಿನ ಚೀಟಿ. ನಿದ್ದೆ ಪೂರ್ತಿ ಆಗಿಲ್ಲದ ಕಣ್ಣು. ಎಲ್ಲಿಗೆ ಎಂದು ಕೇಳಿದರೆ ಉತ್ತರ ಒಂದೇ: "ಗಾರ್ಮೆಂಟ್ಸ್‌ಗೆ ಕಣಣ್ಣ." ಕಂಪನಿಯ ಹೆಸರು ಹೇಳುವುದಿಲ್ಲ, ಹೊಲಿಯುವ ಅಂಗಿಯ ಬ್ರ್ಯಾಂಡಿನ ಹೆಸರಂತೂ ಮಾತಿಗೇ ಬರುವುದಿಲ್ಲ. ಗದ್ದೆಗೆ, ಸಂತೆಗೆ ಎನ್ನುವಂತೆ ಗಾರ್ಮೆಂಟ್ಸ್‌ಗೆ.

ಈ ಹೆಂಗಸರು ಹೊಲಿದ ಅಂಗಿ ಸ್ಟಾಕ್‌ಹೋಮಿನ ಅಂಗಡಿಯಲ್ಲಿ ತೂಗುತ್ತದೆ. ಅದೇ ಬಗೆಯ ಇನ್ನೊಂದು ಅಂಗಿ ಬೇರೆ ದಾರಿ ಹಿಡಿದು ಕೆ.ಆರ್. ಪೇಟೆಯ ರೆಡಿಮೇಡ್ ಅಂಗಡಿಗೆ ಬರುತ್ತದೆ. ಎರಡಕ್ಕೂ ಬೆಲೆಯ ಚೀಟಿ ಅಂಟಿರುತ್ತದೆ. ಆ ಬೆಲೆ ಎಲ್ಲಿ ಹುಟ್ಟುತ್ತದೆ? ಅದರಲ್ಲಿ ಯಾರ ಪಾಲು ಎಷ್ಟು, ಮತ್ತು ಆ ಪಾಲು ಅಷ್ಟೇ ಏಕೆ? ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು, ಕಾರ್ಮಿಕ ಸಂಘಟನೆಗಳು, ಖಾದಿಯವರು ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೇಲ್ಪಟ್ಟು ಬೇರೆ ಬೇರೆ ಉತ್ತರ ಕೊಡುತ್ತ ಬಂದಿದ್ದಾರೆ. ಆ ಉತ್ತರಗಳನ್ನೆಲ್ಲ ಒಂದೆಡೆ ಇಟ್ಟು ನೋಡಲು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸೀಮೆಗಿಂತ ಒಳ್ಳೆಯ ಜಾಗ ನನಗೆ ತೋಚಲಿಲ್ಲ. ಹೊರದೇಶದ ಆರ್ಡರಿಗೆ ಹೊಲಿಯುವ ಕಾರ್ಖಾನೆ, ಗೂಡಿನಿಂದ ಸೀರೆಯವರೆಗೆ ಎಲ್ಲವನ್ನೂ ತಾನೇ ಮಾಡುವ ಸರ್ಕಾರಿ ರೇಷ್ಮೆ, ಕೂಲಿಯನ್ನು ಮೊದಲು ಇಟ್ಟು ಬೆಲೆ ಕಟ್ಟುವ ಖಾದಿ, ಈ ಮೂರೂ ಇಲ್ಲಿಂದ ಅರ್ಧ ದಿನದ ದಾರಿಯೊಳಗೆ ಸಿಗುತ್ತವೆ.

ಹುಳುವಿನಿಂದ ಕೋಟಾದವರೆಗೆ

ಬಟ್ಟೆಯ ಉದ್ಯಮವನ್ನು ಮೇಲಿನಿಂದ ಕೂತು ಯೋಜಿಸುವುದು ಶ್ರೀರಂಗಪಟ್ಟಣಕ್ಕೆ ಹೊಸದಲ್ಲ. ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಲು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರನ್ನು ಕಳಿಸಿದ್ದ. ಅವರು ಮರಳಿ ಬರುತ್ತಿದ್ದಾರೆ, ಹುಳು ಸಾಕಲು ತಕ್ಕ ಜಾಗ ನೋಡಿಡು ಎಂದು 1786ರಲ್ಲಿ ಪಟ್ಟಣದ ಕಿಲ್ಲೇದಾರನಿಗೆ ಬರೆದ ಪತ್ರ ಉಳಿದಿದೆ. ಹಿಪ್ಪುನೇರಳೆ ನೆಡಿಸುವುದು, ನೂಲು ತೆಗೆಸುವುದು, ನೇಯಿಸುವುದು ಎಲ್ಲವೂ ಅರಸನ ಕಣ್ಣಳತೆಯಲ್ಲಿ ನಡೆಯಬೇಕೆಂಬುದು ಅವನ ಆಸೆ. 1799ರಲ್ಲಿ ಪಟ್ಟಣ ಬಿತ್ತು. ಮರುವರ್ಷ ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ನೇಕಾರರ, ಬಣ್ಣಗಾರರ ಕಸುಬನ್ನು ಊರೂರಿನ ಲೆಕ್ಕದಲ್ಲಿ ಬರೆದಿಟ್ಟ. ಅರಮನೆ ಹೋದರೂ ಮಗ್ಗ ಉಳಿಯಿತು. ಯಜಮಾನಿಕೆ ಮಾತ್ರ ನೂಲಿಗೆ ಮುಂಗಡ ಕೊಡಬಲ್ಲ ವ್ಯಾಪಾರಿಯ ಕೈಗೆ ಬಂತು.

ನಡುವಿನ ನೂರು ವರ್ಷವನ್ನು ಬೇಗ ದಾಟುತ್ತೇನೆ. ಬೆಂಗಳೂರಿನಲ್ಲಿ 1884ರಲ್ಲಿ, ಮುಂದೆ ಬಿನ್ನಿ ಎಂದು ಹೆಸರಾದ ಮಿಲ್ಲು ಬಂತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ಯಂತ್ರಮಗ್ಗ ತರಿಸಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಹಾಕಿಸಿದರು. ಇವೆಲ್ಲ ಬಟ್ಟೆಯ ಕಾರ್ಖಾನೆಗಳು. ಹೊಲಿಗೆ ಇನ್ನೂ ದರ್ಜಿಯ ಮೊಣಕಾಲ ಮೇಲೇ ಇತ್ತು.

ಹೊಲಿಗೆ ಉದ್ಯಮವಾದದ್ದು ಕೋಟಾ ಕಾಲದಲ್ಲಿ. ಶ್ರೀಮಂತ ದೇಶಗಳು ತಮ್ಮ ಗಿರಣಿಗಳನ್ನು ಉಳಿಸಿಕೊಳ್ಳಲು 1974ರಲ್ಲಿ ಬಹು ನಾರು ಒಪ್ಪಂದ ಮಾಡಿಕೊಂಡು, ಯಾವ ದೇಶದಿಂದ ಎಷ್ಟು ಉಡುಪು ಬರಬಹುದೆಂದು ಮಿತಿ ಹಾಕಿದವು. ನಮ್ಮಲ್ಲಿ ಆ ಕೋಟಾ ಹಂಚಿಕೆಯಾಗುತ್ತಿತ್ತು, ಕೈಬದಲಾಗುತ್ತಿತ್ತು. ಕೋಟಾ ಇದ್ದವನಿಗೆ ಆರ್ಡರು ಖಾತ್ರಿ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳಲ್ಲಿ ಗಾರ್ಮೆಂಟ್ಸ್ ಬೆಳೆದದ್ದು ಈ ನೆರಳಿನಲ್ಲಿ. 2000ದ ಜವಳಿ ನೀತಿ ಸಿದ್ಧ ಉಡುಪನ್ನು ಸಣ್ಣ ಕೈಗಾರಿಕೆಯ ಮೀಸಲಿನಿಂದ ಹೊರತೆಗೆಯಿತು. 2005ರ ಜನವರಿ 1ರಂದು ಕೋಟಾ ಪೂರ್ತಿ ಮುಗಿಯಿತು. ಅಂದಿನಿಂದ ಬೆಂಗಳೂರಿನ ಹೊಲಿಗೆ ನಿಮಿಷ ಢಾಕಾ, ಹೋ ಚಿ ಮಿನ್ ನಗರದ ನಿಮಿಷದೊಂದಿಗೆ ನೇರ ಪೈಪೋಟಿಗೆ ಬಿತ್ತು. ಕಂಪನಿಗಳು ಅಗ್ಗದ ನಿಮಿಷ ಹುಡುಕಿಕೊಂಡು ರಾಜಧಾನಿಯಿಂದ ಹೊರಟವು. ಕರ್ನಾಟಕದ ಕನಿಷ್ಠ ವೇತನವೂ ವಲಯಕ್ಕೊಂದು. ಬೆಂಗಳೂರಿನ ದರ ಸಣ್ಣ ಊರಿಗಿಲ್ಲ. 2008ರ ಸುವರ್ಣ ವಸ್ತ್ರ ನೀತಿಯೂ, ಆಮೇಲಿನ ಜವಳಿ ನೀತಿಗಳೂ ಹೊರ ಜಿಲ್ಲೆಗೆ ಹೋಗುವವರಿಗೆ ರಿಯಾಯಿತಿ ಕೊಟ್ಟವು. ಹೀಗೆ ಕಾರ್ಖಾನೆ ಕಾವೇರಿ ದಾಟಿತು.

ಅಂಗಿಯ ದಾರಿ

ಒಂದು ಅಂಗಿಯ ದಾರಿ ಹೀಗಿದೆ. ಮಾರುಕಟ್ಟೆಗೆ ಬರುವ ತಿಂಗಳುಗಟ್ಟಲೆ ಮೊದಲು ಬ್ರ್ಯಾಂಡಿನ ಕಚೇರಿಯಲ್ಲಿ ವಿನ್ಯಾಸ ಶುರುವಾಗುತ್ತದೆ. ಮುಂದಿನ ಬೇಸಿಗೆಗೆ ಯಾವ ಬಣ್ಣ, ಯಾವ ಕಾಲರು ಎಂದು ಮುನ್ಸೂಚನೆ ಕೊಡುವ ಸಂಸ್ಥೆಗಳೇ ಇವೆ. ಅಂಗಡಿಯಲ್ಲಿ ಇಂತಿಷ್ಟಕ್ಕೆ ಮಾರಬೇಕೆಂಬ ಬೆಲೆಯೂ ಆಗಲೇ ನಿಂತಿರುತ್ತದೆ. ಈ ಒಂದು ಅಂಶ ಗಮನಿಸದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ: ಹತ್ತಿ, ನೂಲು, ಕೂಲಿ ಎಲ್ಲ ಕೂಡಿಸಿ ಕೊನೆಗೆ ಬೆಲೆ ಬರುವುದಲ್ಲ, ಮಾರುವ ಬೆಲೆಯಿಂದ ಹಿಂದಕ್ಕೆ ಕಳೆಯುತ್ತ ಬಂದು ಕೂಲಿಗೆ ಉಳಿದದ್ದೆಷ್ಟು ಎಂದು ನೋಡುವುದು.

ವಿನ್ಯಾಸದ ವಿವರವೆಲ್ಲ ತುಂಬಿದ ಕಡತ ಕಾರ್ಖಾನೆಯ ಮರ್ಚಂಡೈಸರ್ ಕೈಗೆ ಬರುತ್ತದೆ. ಸ್ಯಾಂಪಲ್ ಹೊಲಿಸಿ ಕಳಿಸುತ್ತಾರೆ, ತಿದ್ದುಪಡಿ ಬರುತ್ತದೆ, ಮತ್ತೆ ಹೊಲಿಸುತ್ತಾರೆ. ಎಷ್ಟೋ ಸಲ ಬಟ್ಟೆ, ಗುಂಡಿ, ಲೇಬಲ್ ಯಾರಿಂದ ಕೊಳ್ಳಬೇಕೆಂಬುದನ್ನೂ ಬ್ರ್ಯಾಂಡೇ ಹೇಳಿರುತ್ತದೆ. ಅಲ್ಲಿಗೆ ಕಾರ್ಖಾನೆಯವನು ಚೌಕಾಸಿ ಮಾಡಬಹುದಾದ ಜಾಗ ಒಂದೇ ಉಳಿಯುತ್ತದೆ, ಹೊಲಿಗೆಯ ನಿಮಿಷ.

ಆ ನಿಮಿಷವನ್ನು ಹತ್ತಿರದಿಂದ ನೋಡೋಣ. ಕಟಿಂಗ್ ಮೇಜಿನಲ್ಲಿ ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಒಟ್ಟಿಗೆ ಕತ್ತರಿಸಿ, ಬಂಡಲ್ ಕಟ್ಟಿ ಲೈನಿಗೆ ಬಿಡುತ್ತಾರೆ. ಲೈನಿನಲ್ಲಿ ಒಬ್ಬಳು ಕಾಲರಿನ ತುದಿ ತಿರುಗಿಸಿ ಹೊಲಿಯುತ್ತಾಳೆ, ಮುಂದಿನವಳು ಅದನ್ನು ಕೊರಳಿಗೆ ಕೂರಿಸುತ್ತಾಳೆ, ಇನ್ನೊಬ್ಬಳು ಕಫ್, ಮತ್ತೊಬ್ಬಳು ಜೇಬು. ದಿನವಿಡೀ ಅದೊಂದೇ ಕೆಲಸ. ಪ್ರತಿ ಕೆಲಸಕ್ಕೂ ಇಷ್ಟು ನಿಮಿಷ ಎಂದು ಗಡಿಯಾರ ಹಿಡಿದು ಅಳೆದಿರುತ್ತಾರೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಬೋರ್ಡಿನ ಮೇಲಿರುತ್ತದೆ, ಸೂಪರ್‌ವೈಸರನ ಬಾಯಲ್ಲೂ ಇರುತ್ತದೆ. ನೀರು ಕುಡಿದರೆ ಶೌಚಕ್ಕೆ ಏಳಬೇಕಾಗುತ್ತದೆಂದು ನೀರನ್ನೇ ಕಡಿಮೆ ಕುಡಿಯುವ ಹೆಂಗಸರ ಮಾತು ಕೇಳಿದವರಿಗೆ ಈ ನಿಮಿಷದ ಬೆಲೆ ಗೊತ್ತಾಗುತ್ತದೆ.

ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ತಿಂಗಳ ಸಂಬಳ 12,000 ರೂಪಾಯಿ, 26 ದಿನ, ದಿನಕ್ಕೆ 8 ಗಂಟೆ. ನಿಮಿಷಕ್ಕೆ 96 ಪೈಸೆ ಬೀಳುತ್ತದೆ. ಅಂಗಿಗೆ 20 ನಿಮಿಷದ ಹೊಲಿಗೆ, ಲೈನಿನ ಕ್ಷಮತೆ ಅರ್ಧ, ಅಂದರೆ 40 ನಿಮಿಷದ ಸಂಬಳ ಬೀಳುತ್ತದೆ ಎಂದುಕೊಂಡರೆ ಅಂಗಿಯೊಂದರ ಹೊಲಿಗೆ ಕೂಲಿ ಸುಮಾರು 38 ರೂಪಾಯಿ. ಆ ಅಂಗಿಯನ್ನು ಕಾರ್ಖಾನೆ ಹಡಗಿಗೇರಿಸುವ ದರ 500 ಎಂದಿಟ್ಟುಕೊಂಡರೆ, ಹೊರದೇಶದ ಅಂಗಡಿಯಲ್ಲಿ ಅದು ಮೂರು ಪಟ್ಟಾದರೂ ಆಗಿರುತ್ತದೆ. ಸಾಗಣೆ, ಸುಂಕ, ಅಂಗಡಿಯ ಬಾಡಿಗೆ, ಜಾಹೀರಾತು ಎಲ್ಲ ಅದರಲ್ಲಿ ಸೇರಿವೆ. ಮಾರಾಟವಾಗದೆ ಉಳಿಯುವ ಅಂಗಿಗಳ ನಷ್ಟವನ್ನೂ ಅದರಲ್ಲೇ ಮುಂಚಿತವಾಗಿ ಸೇರಿಸಿರುತ್ತಾರೆ.

ದೇಶದೊಳಗಿನ ದಾರಿ ಸ್ವಲ್ಪ ಬೇರೆ. ಇಲ್ಲಿ ಗರಿಷ್ಠ ಮಾರಾಟ ಬೆಲೆಯನ್ನು ಪ್ಯಾಕೆಟಿನ ಮೇಲೆ ಮುದ್ರಿಸಲೇಬೇಕು. ಆ ಬೆಲೆ ಸಾಮಾನ್ಯವಾಗಿ ಮುಂದೆ ಕೊಡಲಿರುವ ರಿಯಾಯಿತಿಯನ್ನು ಲೆಕ್ಕ ಹಾಕಿಯೇ ಬರೆದದ್ದು. ಆಷಾಢದಲ್ಲಿ ಅರ್ಧ ಬೆಲೆ ಎಂಬ ಬೋರ್ಡು ನೋಡಿ ನುಗ್ಗುವ ನಮಗೆ ಪೂರ್ತಿ ಬೆಲೆ ಯಾವುದೆಂದು ಕೊನೆಗೂ ತಿಳಿಯುವುದಿಲ್ಲ. ತೆರಿಗೆಯೂ ಬೆಲೆಯ ಆಕಾರ ತಿದ್ದುತ್ತದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ 5, ಅದನ್ನು ಮೀರಿದರೆ ಶೇ 18 ಜಿಎಸ್‌ಟಿ. ಹಾಗಾಗಿ 2,499ರ ಚೀಟಿಗಳು ಹೆಚ್ಚಿದರೆ ಅಚ್ಚರಿಪಡಬೇಕಿಲ್ಲ.

ನಗರದ ಮಾಲುಗಳಲ್ಲಿ ದೊಡ್ಡ ಅಂಗಡಿಗಳು ಮಾರಾಟವಾಗದ ಮಾಲನ್ನು ಬ್ರ್ಯಾಂಡಿಗೆ ಹಿಂತಿರುಗಿಸುವ ಕರಾರು ಮಾಡಿಕೊಂಡಿರುತ್ತವೆ. ನಾಗಮಂಗಲದ ಅಂಗಡಿಯವನಿಗೆ ಆ ಅನುಕೂಲ ಎಲ್ಲಿ? ಚಿಕ್ಕಪೇಟೆಯಿಂದ ದುಡ್ಡು ಕೊಟ್ಟೋ ಸಾಲದ ಮೇಲೋ ತಂದ ಮಾಲು ಅವನದೇ. ಗೌರಿ ಹಬ್ಬಕ್ಕೆ ಹೋಗದಿದ್ದರೆ ದೀಪಾವಳಿಗೆ, ಅದಕ್ಕೂ ಹೋಗದಿದ್ದರೆ ಬಾಗಿಲಲ್ಲಿ ರಾಶಿ ಹಾಕಿ ಅಸಲಿಗೆ. ನಾಲ್ಕೇ ಬೀದಿಯ ಊರಿನಲ್ಲೂ, ಖಂಡ ದಾಟುವ ವ್ಯಾಪಾರದಲ್ಲೂ ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗನಿಸಿದ್ದು ಇಲ್ಲಿ: ಉಳಿದ ಮಾಲು ಯಾರದು?

ಕೊಳ್ಳುವವನೇ ಯಜಮಾನ

ಈ ಸರಪಳಿಯನ್ನು ವಿವರಿಸುವ ಮೊದಲ ದೊಡ್ಡ ವಾದ ಸಮಾಜಶಾಸ್ತ್ರಜ್ಞ ಗ್ಯಾರಿ ಜೆರೆಫಿಯದು. 1994ರಲ್ಲಿ ಆತ ಸರಕಿನ ಸರಪಳಿಗಳನ್ನು ಎರಡಾಗಿ ವಿಂಗಡಿಸಿದ. ಕಾರು, ವಿಮಾನಗಳಲ್ಲಿ ತಯಾರಕನೇ ಸರಪಳಿಯನ್ನು ಆಳುತ್ತಾನೆ. ಬಟ್ಟೆ, ಚಪ್ಪಲಿ, ಆಟಿಕೆಗಳಲ್ಲಿ ಒಂದು ಹೊಲಿಗೆ ಯಂತ್ರವನ್ನೂ ಇಟ್ಟುಕೊಳ್ಳದ ಕೊಳ್ಳುಗ ಆಳುತ್ತಾನೆ. ವಿನ್ಯಾಸ, ಹೆಸರು, ಅಂಗಡಿ ಅವನ ಕೈಲಿ. ಹೊಲಿಗೆಯನ್ನು ಯಾರಾದರೂ ಕಲಿತು ಮಾಡಬಹುದಾದ್ದರಿಂದ ಅದರ ಬೆಲೆ ಯಾವಾಗಲೂ ಕೆಳಕ್ಕೇ ಜಗ್ಗುತ್ತದೆ. ತೈವಾನಿನ ಕಂಪ್ಯೂಟರ್ ಉದ್ಯಮಿ ಸ್ಟಾನ್ ಶಿ ಇದನ್ನೇ ನಗುವ ತುಟಿಯ ಗೆರೆಯಂತೆ ಬರೆದು ತೋರಿಸಿದ್ದ. ಎರಡು ತುದಿಯಲ್ಲಿ ವಿನ್ಯಾಸ ಮತ್ತು ಮಾರಾಟ ಎತ್ತರದಲ್ಲಿರುತ್ತವೆ, ನಡುವಿನ ತಯಾರಿಕೆ ತಗ್ಗಿನಲ್ಲಿ.

ಈ ವಾದ ಬಹಳಷ್ಟನ್ನು ವಿವರಿಸುತ್ತದೆ. ಆದರೆ ಇದರಿಂದ ಹುಟ್ಟಿದ ಸಲಹೆ, ಅಂದರೆ ತಯಾರಕ ನಿಧಾನಕ್ಕೆ ಮೇಲೇರಿ ವಿನ್ಯಾಸಕ್ಕೆ, ಸ್ವಂತ ಬ್ರ್ಯಾಂಡಿಗೆ ಹೋಗಬೇಕೆಂಬುದು, ಮಾಲೀಕನಿಗೆ ದಾರಿ ತೋರಿಸಬಹುದು. ಕಾಲರು ಹೊಲಿಯುವವಳಿಗೆ ಅದರಿಂದ ಏನು ಬರುತ್ತದೆಂದು ಈ ಚಿಂತನೆ ಬಹುಕಾಲ ಕೇಳಿಕೊಳ್ಳಲಿಲ್ಲ.

ಆ ಕೊರತೆಯನ್ನು ತುಂಬಿದವರು ಕಾರ್ಮಿಕರ ಕಡೆಯಿಂದ ನೋಡಿದ ವಿದ್ವಾಂಸರು. ಮಾರ್ಕ್ ಆನರ್ ಇದನ್ನು ಹಿಂಡುವಿಕೆ ಎಂದ: ಬೆಲೆಯನ್ನು ಹಿಂಡುವುದು, ಕೊಡುವ ಗಡುವನ್ನು ಹಿಂಡುವುದು, ಇವೆರಡೂ ಸೇರಿ ಲೈನಿನಲ್ಲಿ ಕೂಗಾಟವಾಗಿ, ಓಟಿಯಾಗಿ ಇಳಿಯುತ್ತವೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರ ಸಂಘಟನೆಯನ್ನು ಅಭ್ಯಾಸ ಮಾಡಿದ ಅಶೋಕ್ ಕುಮಾರ್ 2020ರ ಪುಸ್ತಕದಲ್ಲಿ ಇನ್ನೊಂದು ತಿರುವು ಕೊಟ್ಟ. ಕೊಳ್ಳುವವರು ಕೆಲವರೇ, ಮಾರುವವರು ಸಾವಿರಾರು ಎಂಬ ಸ್ಥಿತಿಯಲ್ಲಿ ಬೆಲೆ ಕೊಳ್ಳುವವನ ಮುಷ್ಟಿಯಲ್ಲಿರುತ್ತದೆ. ಪೈಪೋಟಿಯಲ್ಲಿ ಸಣ್ಣ ಕಾರ್ಖಾನೆಗಳು ಸತ್ತು ಕೆಲವೇ ದೊಡ್ಡ ತಯಾರಕರು ಉಳಿದಂತೆ ಅವರ ಚೌಕಾಸಿಯ ಬಲ ಏರುತ್ತದೆ, ಜೊತೆಗೇ ಅಲ್ಲಿನ ಕಾರ್ಮಿಕರದೂ ಏರಬಹುದು ಎಂಬುದು ಅವನ ನಂಬಿಕೆ. ಈ ನಂಬಿಕೆಯನ್ನು ಶ್ರೀರಂಗಪಟ್ಟಣ ಅದೇ ವರ್ಷ ಪರೀಕ್ಷೆಗೆ ಒಡ್ಡಿತು.

2020ರ ಜೂನ್

ಆ ವರ್ಷದ ಮೇ ತಿಂಗಳು ಈ ಸೀಮೆಯವರಿಗೆ ನೆನಪಿದೆ. ಮುಂಬೈಯಲ್ಲಿ ದುಡಿಯುತ್ತಿದ್ದ ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಸಾವಿರಾರು ಜನ ಲಾಕ್‌ಡೌನಿನಲ್ಲಿ ಊರಿಗೆ ಮರಳಿದ್ದರು. ಹೊರಗಿನ ದುಡಿಮೆ ನಿಂತಿತ್ತು. ಮನೆಯ ಹೆಂಗಸರ ಗಾರ್ಮೆಂಟ್ಸ್ ಸಂಬಳವೇ ಎಷ್ಟೋ ಮನೆಗಳಿಗೆ ತಿಂಗಳ ಆಸರೆ. ಜೂನ್ ಮೊದಲ ವಾರದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಶ್ರೀರಂಗಪಟ್ಟಣದ ಯೂರೋ ಕ್ಲೋದಿಂಗ್ ಘಟಕದಲ್ಲಿ ಸುಮಾರು 1,200ರಿಂದ 1,300 ಕಾರ್ಮಿಕರನ್ನು ಲೇ ಆಫ್ ಮಾಡಲಾಯಿತು. ಅವರಲ್ಲಿ ಬಹುತೇಕರು ಹೆಂಗಸರು. ಆ ಘಟಕದ ಮುಖ್ಯ ಕೊಳ್ಳುಗ ಸ್ವೀಡನ್ನಿನ ಎಚ್ ಅಂಡ್ ಎಮ್.

ಕಂಪನಿ ಹೇಳಿದ್ದು ಆರ್ಡರಿಲ್ಲವೆಂದು. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಹೇಳಿದ್ದು ಬೇರೆ: ಕಂಪನಿಯ ಅಷ್ಟೊಂದು ಘಟಕಗಳಲ್ಲಿ ಸಂಘಟನೆ ಗಟ್ಟಿಯಾಗಿದ್ದ ಇದನ್ನೇ ಆರಿಸಿ ಮುಚ್ಚಲಾಗಿದೆ, ಅದೂ ಕಾನೂನು ಕೇಳುವ ಸರ್ಕಾರದ ಅನುಮತಿಯಿಲ್ಲದೆ. ಹೆಂಗಸರು ಕಾರ್ಖಾನೆಯ ಬಾಗಿಲಲ್ಲೇ ಕೂತರು. ವಾರಗಟ್ಟಲೆ, ಮಳೆಗಾಲದಲ್ಲಿ, ಸೋಂಕಿನ ಭಯದ ನಡುವೆ ಆ ಧರಣಿ ನಡೆಯಿತು. ಎಚ್ ಅಂಡ್ ಎಮ್ ಮಾರ್ಚ್ ಕೊನೆಯಲ್ಲೇ, ಈಗಾಗಲೇ ಹೊಲಿದು ಮುಗಿಸಿದ ಮಾಲಿಗೆ ದುಡ್ಡು ಕೊಡುವುದಾಗಿ ಹೇಳಿದ ಮೊದಲ ಕೆಲವು ಬ್ರ್ಯಾಂಡುಗಳಲ್ಲಿ ಒಂದು. ಇದನ್ನು ನ್ಯಾಯವಾಗಿ ಹೇಳಲೇಬೇಕು. ಎಷ್ಟೋ ಬ್ರ್ಯಾಂಡುಗಳು ಅದನ್ನೂ ಮಾಡಿರಲಿಲ್ಲ. ಆದರೆ ಮುಗಿದ ಮಾಲಿಗೆ ಹಣ ಕೊಡುವುದು ಒಂದು, ಮುಂದಿನ ಆರ್ಡರಿನ ಹೊಣೆ ಇನ್ನೊಂದು. ಆ ಎರಡನೆಯದು ಯಾವ ಕರಾರಿನಲ್ಲೂ ಇರುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟ ಇಂಡಸ್ಟ್ರಿಆಲ್ ಎಚ್ ಅಂಡ್ ಎಮ್ ಜೊತೆ ಮೊದಲೇ ಮಾಡಿಕೊಂಡಿದ್ದ ಜಾಗತಿಕ ಒಪ್ಪಂದ ಇಲ್ಲಿ ಉಪಯೋಗಕ್ಕೆ ಬಂತು. 2021ರ ಫೆಬ್ರುವರಿಯಲ್ಲಿ ಒಡಂಬಡಿಕೆಯಾಯಿತು. ಕೆಲಸ ಕಳೆದುಕೊಂಡವರಿಗೆ ಮೈಸೂರಿನ ಘಟಕದಲ್ಲಿ ಕೆಲಸ, ಯೂನಿಯನ್ನಿಗೆ ಮಾನ್ಯತೆ ಎಂದು ಕಂಪನಿ ಒಪ್ಪಿತು. ಶ್ರೀರಂಗಪಟ್ಟಣದ ಘಟಕ ತೆರೆಯಲಿಲ್ಲ.

ಅದೇ ಹೊತ್ತಿಗೆ ರಾಜ್ಯದಲ್ಲಿ ಇನ್ನೊಂದು ಜಗ್ಗಾಟ ನಡೆದಿತ್ತು. 2020ರ ಏಪ್ರಿಲಿನಿಂದ ಸಿಗಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ ಚಿಲ್ಲರೆ, ಅದನ್ನು ಸರ್ಕಾರ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ಲಕ್ಷಾಂತರ ಕಾರ್ಮಿಕರಿಗೆ ಆ ಹಣ ಬರಲಿಲ್ಲ. ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದು ದೊಡ್ಡ ತಯಾರಕರು ಬಾಕಿ ಕೊಡಲು ಒಪ್ಪಿದ್ದು 2022ರಲ್ಲಿ. ಎರಡು ಪ್ರಕರಣಗಳಲ್ಲೂ ಬಾಗಿಲು ತೆರೆದದ್ದು ದೂರದ ಕೊಳ್ಳುಗನ ಮಾತು. ಕೊಳ್ಳುವವನೇ ಯಜಮಾನ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕೆಲಸವೇ ಬರದಿದ್ದರೆ?

ಮುಖ್ಯಧಾರೆಯ ಅರ್ಥಶಾಸ್ತ್ರ ಇಲ್ಲಿ ಅಡ್ಡ ಮಾತು ತೆಗೆಯುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೂಲಿ ಕಡಿಮೆ ಇದ್ದದ್ದಕ್ಕೇ ಕಾರ್ಖಾನೆ ಇಲ್ಲಿಗೆ ಬಂದದ್ದು. ಕೂಲಿ ಏರಿಸಿದರೆ ಮುಂದಿನ ಊರಿಗೆ ಹೋಗುತ್ತದೆ. ಬಾಂಗ್ಲಾದೇಶದ ಹಳ್ಳಿಗಳನ್ನು ನೋಡಿದ ರೇಚೆಲ್ ಹೀತ್ ಮತ್ತು ಮುಷ್ಫಿಕ್ ಮೊಬಾರಕ್ 2015ರಲ್ಲಿ ತೋರಿಸಿದ್ದು, ಗಾರ್ಮೆಂಟ್ಸ್ ಹತ್ತಿರವಿರುವ ಊರುಗಳಲ್ಲಿ ಹುಡುಗಿಯರ ಮದುವೆ ತಡವಾಗುತ್ತದೆ, ಓದು ಹೆಚ್ಚುತ್ತದೆ ಎಂದು. ನಾಗಮಂಗಲದ ಮಳೆಯಾಶ್ರಿತ ಹೊಲದ ರಾಗಿ, ಪಾಂಡವಪುರದ ಕಬ್ಬಿನ ಬಾಕಿ ಇವುಗಳ ಎದುರು ತಿಂಗಳಿಗೊಮ್ಮೆ ಬ್ಯಾಂಕಿಗೆ ಬೀಳುವ ಸಂಬಳ, ಪಿಎಫ್, ಇಎಸ್‌ಐ ಹಗುರವಾದದ್ದಲ್ಲ. ತನ್ನ ಹೆಸರಿನ ಖಾತೆ ಇರುವ ಹೆಂಗಸು ಮನೆಯಲ್ಲಿ ಮಾತಾಡುವ ದನಿಯೇ ಬೇರೆ. ನಾನು ಇದನ್ನು ಹಳ್ಳಿಯಲ್ಲಿ ಕಂಡಿದ್ದೇನೆ.

ಈ ಗುಂಪಿನ ಇನ್ನೊಂದು ಕೊಂಬೆ ಬೆಂಗಳೂರಿನ ಕಾರ್ಖಾನೆಗಳಲ್ಲೇ ಪ್ರಯೋಗ ಮಾಡಿತು. ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಸಾಧಾರಣ ದೀಪದ ಬದಲು ಎಲ್‌ಇಡಿ ಹಾಕಿದಾಗ ಬಿಸಿ ತಗ್ಗಿ ಉತ್ಪಾದನೆ ಏರಿದ್ದನ್ನು, ಹೆಂಗಸರಿಗೆ ಮಾತು, ಸಮಯ ನಿರ್ವಹಣೆಯ ತರಬೇತಿ ಕೊಟ್ಟಾಗ ಕಂಪನಿಗೇ ಲಾಭವಾದದ್ದನ್ನು ಅಳೆದು ತೋರಿಸಿದರು. ಆ ಲಾಭದಲ್ಲಿ ಸಂಬಳಕ್ಕೆ ಬಂದ ಪಾಲು ಮಾತ್ರ ತೀರ ಚಿಕ್ಕದು.

ಇವರಿಗೆ ಎದುರಾಗಿ ರಾಬರ್ಟ್ ಪಾಲಿನ್ ಮತ್ತು ಜೊತೆಗಾರರು 2004ರಲ್ಲಿ ಸರಳ ಪ್ರಶ್ನೆ ಹಾಕಿದ್ದರು: ಕೂಲಿ ಗಣನೀಯವಾಗಿ ಏರಿಸಿದರೆ ಅಂಗಡಿಯ ಬೆಲೆ ಎಷ್ಟು ಏರಬೇಕು? ಬಹಳ ಕಡಿಮೆ ಎಂಬುದು ಅವರ ಲೆಕ್ಕ. ನಮ್ಮ ಮೇಲಿನ ಲೆಕ್ಕವೂ ಅದನ್ನೇ ಹೇಳುತ್ತದೆ. ಸಂಬಳ ಎರಡು ಪಟ್ಟಾದರೆ ಅಂಗಿಗೆ ಹೆಚ್ಚುವುದು 38 ರೂಪಾಯಿ. 1,500ರ ಅಂಗಿ ಕೊಳ್ಳುವವನಿಗೆ ಅದು ಏನೂ ಅಲ್ಲ. ಆದರೆ 500ಕ್ಕೆ ಮಾರುವ ಕಾರ್ಖಾನೆಯ ಲಾಭ ಶೇ 5 ಎಂದರೆ 25 ರೂಪಾಯಿ. ಮಾಲೀಕನಿಗೆ 38 ಎಂದರೆ ಬಾಗಿಲು ಮುಚ್ಚುವ ಮಾತು. ಒಂದೇ ಮೊತ್ತ ಸರಪಳಿಯ ಒಂದು ತುದಿಯಲ್ಲಿ ಹುಲ್ಲುಕಡ್ಡಿ, ಇನ್ನೊಂದು ತುದಿಯಲ್ಲಿ ಹೆಬ್ಬಂಡೆ. ಏಷ್ಯಾ ಫ್ಲೋರ್ ವೇಜ್ ಒಕ್ಕೂಟ 2009ರಿಂದ ಮಂಡಿಸುತ್ತಿರುವ ಉಪಾಯ ಇಲ್ಲಿಂದಲೇ ಹುಟ್ಟಿತು: ಏಷ್ಯಾದ ಎಲ್ಲ ದೇಶಗಳಿಗೂ ಒಂದು ಸಂಸಾರದ ಊಟ ಮತ್ತು ಇತರ ಖರ್ಚಿನ ಮೇಲೆ ಕಟ್ಟಿದ ಕೂಲಿಯ ತಳಪಾಯ ಹಾಕಿಬಿಟ್ಟರೆ ಊರು ಬದಲಿಸಿ ಓಡುವ ದಾರಿ ಮುಚ್ಚುತ್ತದೆ. ವಿಚಾರ ಚೆನ್ನಾಗಿದೆ. ಜಾರಿ ಮಾಡಿಸುವ ಕೈ ಯಾವುದೆಂಬುದಕ್ಕೆ ಉತ್ತರವಿಲ್ಲ.

ಹೆಸರಿನ ಬೆಲೆ

ಇನ್ನೊಂದು ಚಿಂತನೆ ಕಾರ್ಖಾನೆಯತ್ತ ತಿರುಗಿಯೂ ನೋಡುವುದಿಲ್ಲ. ಥಾರ್ಸ್ಟೀನ್ ವೆಬ್ಲನ್ 1899ರಲ್ಲಿ ಹೇಳಿದ್ದು, ಬಟ್ಟೆಯ ಬೆಲೆಯೇ ಅದರ ಆಕರ್ಷಣೆ ಎಂದು. ಮೇಲಿನವರು ತೊಟ್ಟದ್ದನ್ನು ಕೆಳಗಿನವರು ಹಿಡಿಯುತ್ತಾರೆ, ಹಿಡಿದೊಡನೆ ಮೇಲಿನವರು ಬದಲಿಸುತ್ತಾರೆ ಎಂದದ್ದು ಗೇಯಾರ್ಗ್ ಜಿಮ್ಮೆಲ್. ಹರ್ಬರ್ಟ್ ಬ್ಲೂಮರ್ 1969ರಲ್ಲಿ ಇದನ್ನು ತಿದ್ದಿದ: ಮೇಲು ಕೆಳಗೆಂದಿಲ್ಲ, ಕಾಲದ ರುಚಿಯನ್ನು ಎಲ್ಲರೂ ಒಟ್ಟಿಗೆ ತಡಕಾಡಿ ಆರಿಸುತ್ತಾರೆ, ವಿನ್ಯಾಸಕಾರ ಅದನ್ನು ಸ್ವಲ್ಪ ಮೊದಲು ಗುರುತಿಸುತ್ತಾನೆ ಅಷ್ಟೆ.

ಹೆಸರಿಗೆ ಬೆಲೆಯಿದೆ ಎಂಬುದಕ್ಕೆ ಮೈಸೂರು ರೇಷ್ಮೆ ಸೀರೆಗಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ. ಇತ್ತೀಚಿನ ವರ್ಷಗಳಲ್ಲಿ ಆ ಸೀರೆಗಾಗಿ ಬೆಳ್ಳಂಬೆಳಗ್ಗೆ ಸರದಿ ನಿಲ್ಲುವುದನ್ನು ಎಲ್ಲರೂ ನೋಡಿದ್ದಾರೆ. 1912ರ ಆ ಕಾರ್ಖಾನೆ 1980ರಲ್ಲಿ ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ಕೈಗೆ ಬಂತು. ಇಲ್ಲಿನ ರಚನೆ ಗಾರ್ಮೆಂಟ್ಸಿಗೆ ಪೂರ್ತಿ ಉಲ್ಟಾ. ರಾಮನಗರದಂಥ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವುದು, ತಿ. ನರಸೀಪುರದಲ್ಲಿ ನೂಲು ಬಿಚ್ಚುವುದು, ಮೈಸೂರಿನಲ್ಲಿ ನೇಯುವುದು, ತನ್ನದೇ ಮಳಿಗೆಯಲ್ಲಿ ಮಾರುವುದು, ಎಲ್ಲ ಒಂದೇ ಸೂರಿನಡಿ. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ಪ್ರತಿ ಸೀರೆಗೂ ತನ್ನದೇ ಸಂಖ್ಯೆ, ಮೈಸೂರು ರೇಷ್ಮೆ ಎಂಬ ಹೆಸರಿಗೆ ಭೌಗೋಳಿಕ ಗುರುತು. ಕೊಳ್ಳುವವನು ಯಜಮಾನನಲ್ಲ, ಸರದಿಯಲ್ಲಿ ನಿಂತವನು.

ಆದರೆ ಈ ಸರಪಳಿಯ ಹೊರಗೆ ಒಬ್ಬ ಉಳಿಯುತ್ತಾನೆ, ಗೂಡು ಬೆಳೆದ ರೈತ. ಕೆ.ಆರ್. ಪೇಟೆಯ ಕಡೆಯಿಂದ ಗೂಡಿನ ಚೀಲ ಹೊತ್ತು ಹೊರಟವನಿಗೆ ಹುಳುವೇ ಗಡುವು ಹಾಕಿರುತ್ತದೆ. ಕೆಲವೇ ದಿನಗಳಲ್ಲಿ ಪತಂಗ ಗೂಡನ್ನು ಕೊರೆದು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ದರ ಬಿದ್ದಿದೆಯೆಂದು ಮರಳಿ ತರುವಂತಿಲ್ಲ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 5ಕ್ಕೆ ಇಳಿಸಿದಾಗ ಗೂಡಿನ ದರ ನೆಲಕಚ್ಚಿತು. ಆ ಪೆಟ್ಟು ತಿಂದವನು ರೈತ. ಅವನ ಗೂಡಿನಂತೆಯೇ ಹೊಲಿಯುವವಳ ನಿಮಿಷವೂ ಹೆಚ್ಚು ದಿನ ಇಟ್ಟುಕೊಳ್ಳಲಾಗದ ಸರಕು. ಇಂದಿನದು ಇಂದೇ ಹೋಗಬೇಕು. ಬ್ರ್ಯಾಂಡಿನ ಅಂಗಿಯೂ ಋತು ಮುಗಿದರೆ ಹಳತಾಗುತ್ತದೆ, ಆದರೆ ಆ ಹಳತಾಗುವ ನಷ್ಟವನ್ನು ಬೆಲೆಯೊಳಗೋ ಆರ್ಡರ್ ರದ್ದು ಮಾಡುವ ಹಕ್ಕಿನೊಳಗೋ ಬ್ರ್ಯಾಂಡು ಇನ್ನೊಬ್ಬರಿಗೆ ದಾಟಿಸಿರುತ್ತದೆ. ಮೇಲೆ ಹೇಳಿದ ಎಲ್ಲ ವಾದಗಳನ್ನು ಓದಿದ ಮೇಲೆ ನನಗೆ ಗಟ್ಟಿಯಾಗಿ ಕಂಡದ್ದು ಇದು: ಈ ಉದ್ಯಮದ ರಚನೆ ಎಂದರೆ ನಷ್ಟವನ್ನು ಕೆಳಕ್ಕೆ ದಾಟಿಸುವ ಏರ್ಪಾಡು. ಕಾಯಲಾರದವನು ಬೆಲೆಯಲ್ಲಿ ಸೋಲುತ್ತಾನೆ.

ಮೇಲುಕೋಟೆಯ ಮಗ್ಗ

ಕೂಲಿಯಿಂದ ಶುರುಮಾಡಿ ಬೆಲೆ ಕಟ್ಟಬೇಕೆಂದ ಪಂಥ ಒಂದೇ, ಖಾದಿಯವರದು. 1925ರಲ್ಲಿ ಅಖಿಲ ಭಾರತ ಚರಕ ಸಂಘ ಹುಟ್ಟಿತು. ಹತ್ತು ವರ್ಷದ ನಂತರ ಗಾಂಧೀಜಿ, ನೂಲುವವಳಿಗೆ 8 ಗಂಟೆಗೆ 8 ಆಣೆ ಸಿಗಬೇಕು, ಖಾದಿ ದುಬಾರಿಯಾದರೆ ಆಗಲಿ ಎಂಬ ನಿಲುವು ತೆಗೆದುಕೊಂಡರು. ಸಂಘದ ಒಳಗೇ ವಿರೋಧ ಬಂತು, ಮಾರಾಟ ಕುಸಿದರೆ ಕೂಲಿಯೇ ಇಲ್ಲವಲ್ಲ ಎಂದು. ಗಾರ್ಮೆಂಟ್ಸಿನ ಚರ್ಚೆಯಲ್ಲಿ ಇಂದು ಕೇಳುವ ಮಾತೇ ಅದು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಈ ದಾರಿಯಲ್ಲಿ ಮಗ್ಗ ನಡೆಸುತ್ತ ಬಂದಿದೆ. ಹಂಚಿಕೆಯ ಮಟ್ಟದಲ್ಲಿ ಇದನ್ನು ದೊಡ್ಡದಾಗಿ ಪ್ರಯತ್ನಿಸಿದವರು ಹೆಗ್ಗೋಡಿನ ಪ್ರಸನ್ನ. ಸಾಗರದ ಭೀಮನಕೋಣೆಯ ಚರಕ ಸಹಕಾರ ಸಂಘದ ಹೆಂಗಸರು ನೇಯ್ದದ್ದನ್ನು ದೇಸಿ ಅಂಗಡಿಗಳಲ್ಲಿ ಮಾರಿದರು. 2015ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನ ಹಳೆಯ ಖಾದಿ ಕೇಂದ್ರದಲ್ಲಿ ಸತ್ಯಾಗ್ರಹ ನಡೆಸಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಲ್ಲಿ ಮಾಡಿದ ವಸ್ತುವಿಗೆ ತೆರಿಗೆ ಬೇಡವೆಂದು ಉಪವಾಸ ಕೂತರು. ಯಂತ್ರದ ಅಂಗಿಗೂ ಮಗ್ಗದ ಅಂಗಿಗೂ ಒಂದೇ ದರದ ತೆರಿಗೆ ಹಾಕುವುದು ಸಮಾನತೆಯಲ್ಲ ಎಂಬ ಅವರ ವಾದ ನನಗೆ ಸರಿ ಎನ್ನಿಸುತ್ತದೆ.

ಇಲ್ಲಿಯೂ ನಷ್ಟ ಮಾಯವಾಗುವುದಿಲ್ಲ. ಬಟ್ಟೆ ಮಾರದೆ ಉಳಿದರೆ ಸಂಘ ಹೊರುತ್ತದೆ. ಸರ್ಕಾರದ ರಿಬೇಟು ತಡವಾದರೆ ಸಂಘ ಸೊರಗುತ್ತದೆ. 2020ರಲ್ಲಿ ಚರಕವೂ ತೀವ್ರ ಬಿಕ್ಕಟ್ಟಿಗೆ ಸಿಕ್ಕಿತು. ಆದರೆ ಹೊರೆ ಯಾರದೆಂಬುದು ಇಲ್ಲಿ ಎಲ್ಲರ ಕಣ್ಣೆದುರಿಗಿರುತ್ತದೆ, ಅದರ ಬಗ್ಗೆ ಸಭೆ ಕೂತು ಮಾತಾಡಬಹುದು. ಗಾರ್ಮೆಂಟ್ಸ್ ಹೆಂಗಸರಿಗೆ ಅಂಥ ಸಭೆಯೇ ಇಲ್ಲ.

ಇತ್ಯರ್ಥವಾಗದ್ದು

ಕೆಲವು ಪ್ರಶ್ನೆಗಳಿಗೆ ಯಾವ ಪಂಥವೂ ಉತ್ತರ ಕೊಟ್ಟಿಲ್ಲ. ಮೊದಲನೆಯದು ಹೊಣೆಯದು. ಕಾರ್ಖಾನೆ ಮುಚ್ಚಿದಾಗ ಉದ್ಯೋಗದಾತ ಯಾರು? ಸಂಬಳದ ಚೀಟಿಯಲ್ಲಿ ಹೆಸರಿರುವ ಕಂಪನಿಯೋ, ಬೆಲೆ ನಿಲ್ಲಿಸಿದ ಬ್ರ್ಯಾಂಡೋ? ಶ್ರೀರಂಗಪಟ್ಟಣದ ಒಡಂಬಡಿಕೆ ಬ್ರ್ಯಾಂಡಿನ ಮಧ್ಯಸ್ಥಿಕೆಯಿಂದ ಬಂತು, ಆದರೆ ಅದನ್ನು ಕಾನೂನಿನ ಹೊಣೆಯೆಂದು ಯಾವ ನ್ಯಾಯಾಲಯವೂ ಹೇಳಲಿಲ್ಲ.

ಎರಡನೆಯದು ಮುಚ್ಚುವ ಹಕ್ಕಿನದು. 100 ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲೂ ಸರ್ಕಾರದ ಅನುಮತಿ ಬೇಕೆಂದು ಹಿಂದಿನ ಕಾನೂನು ಹೇಳುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಆ ಮಿತಿ 300. ಇದರಿಂದ ಹೂಡಿಕೆ ಬರುತ್ತದೆಯೇ, ಇಲ್ಲ ನಾಗಮಂಗಲದಂಥ ಊರುಗಳಲ್ಲಿ 300ರೊಳಗಿನ, ಬೇಕಾದಾಗ ಎತ್ತಂಗಡಿ ಮಾಡಬಹುದಾದ ಘಟಕಗಳೇ ಹೆಚ್ಚುತ್ತವೆಯೇ ಎಂಬುದು ಮುಂದಿನ ವರ್ಷಗಳಲ್ಲಿ ಕಾಣಬೇಕು. ನನ್ನ ಭಯ ಎರಡನೆಯದರ ಕಡೆಗೇ ವಾಲುತ್ತದೆ.

ಮೂರನೆಯದು ವಲಯದ ಕೂಲಿ. ಹಳ್ಳಿಯ ಹತ್ತಿರ ಖರ್ಚು ಕಡಿಮೆ ಎಂಬ ನೆಪದಲ್ಲಿ ಬೆಂಗಳೂರಿಗಿಂತ ಕಡಿಮೆ ಕೂಲಿ ನಿಗದಿಯಾಗಿದೆ. ಗ್ಯಾಸ್ ಸಿಲಿಂಡರಿಗೂ ಮೊಬೈಲಿಗೂ ವಲಯದ ದರವಿಲ್ಲ. ಆದರೆ ವಲಯವನ್ನು ತೆಗೆದರೆ ಕಾರ್ಖಾನೆ ಈ ಕಡೆ ಬರುತ್ತದೆಯೇ? ಪ್ರಾಮಾಣಿಕವಾಗಿ ಅಳೆದ ಉತ್ತರ ಯಾರ ಕೈಲೂ ಇಲ್ಲ.

ಕೊನೆಯದು ದೂರದ ಮಾತು. ಮೈಸೂರಿನಲ್ಲಿ ಕೆಲಸ ಕೊಡುತ್ತೇವೆಂದಾಗ ಪಾಂಡವಪುರದ ಆಚೆಯ ಹಳ್ಳಿಯವಳು ಎಣಿಸಿದ್ದು ವ್ಯಾನಿನ ತಿಂಗಳ ಬಾಡಿಗೆಯನ್ನು, ಬೆಳಿಗ್ಗೆ ಬೇಗ ಹಚ್ಚಬೇಕಾದ ಒಲೆಯನ್ನು, ಸಂಜೆ ಕತ್ತಲಾದ ಮೇಲೆ ಹಸುವಿನ ಹಾಲು ಕರೆಯುವವರು ಯಾರು ಎಂಬುದನ್ನು. ಅಂಗಿಯ ಬೆಲೆ ಕಟ್ಟುವ ಹಾಳೆಯಲ್ಲಿ ಬಟ್ಟೆಗೆ ಒಂದು ಸಾಲಿದೆ, ಗುಂಡಿಗೆ ಒಂದು, ದಾರಕ್ಕೆ ಒಂದು, ಹಡಗಿಗೆ ಒಂದು. ಆ ವ್ಯಾನಿಗೆ ಯಾವ ಹಾಳೆಯಲ್ಲೂ ಇನ್ನೂ ಸಾಲು ಹಾಕಿಲ್ಲ.